ಸೆಕೆಂಡ್ ಹ್ಯಾಂಡ್ ಕಾರ್ಡಿನ ವಾರಂಟಿ

ಗಂಗಾವತಿಗೆ ಹೋದಾಗಲೆಲ್ಲ ನನ್ನ ಕಾಲು ಈಗಲೂ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಗೆ ತಾನಾಗಿ ಹೊರಳುತ್ತದೆ. ಅಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ನಾನು ಹುಡುಕುವುದು ಮೊದಲು ಅಲ್ಲಿದ್ದ ಹಳೆಯ ಕಂಪ್ಯೂಟರ್ ಸಾಮಾನಿನ ಅಂಗಡಿಯನ್ನು. ಬೆಸುಗೆಯ ಹೊಗೆ, ಅದರ ನಡುವೆ ಸ್ಟೂಲಿನ ಮೇಲೆ ಎಲ್ಲರೂ ಚಾಚಾ ಎನ್ನುತ್ತಿದ್ದ ಅಂಗಡಿಯ ಯಜಮಾನರು, ಯಾರೇ ಬಂದರೂ ಮೊದಲು ಒಂದು ಕಪ್ ಚಹಾ. ಕುಡಿಯದೆ ವ್ಯವಹಾರದ ಮಾತೇ ಇಲ್ಲ.

ಕುಷ್ಟಗಿಯಲ್ಲಿ ನಾನು ಮದುವೆ ವಿಡಿಯೋಗಳ ಎಡಿಟಿಂಗ್ ಶುರು ಮಾಡಿದ ಹೊಸತು. ಹನುಮಸಾಗರದ ಒಂದು ಮದುವೆ ನನ್ನ ಮೊದಲ ದೊಡ್ಡ ಕೆಲಸ. ಅದು ಕೆಟ್ಟರೆ ಆ ಕಡೆಯಿಂದ ಇನ್ನೊಬ್ಬರು ನನ್ನ ಬಾಗಿಲಿಗೆ ಬರುತ್ತಿರಲಿಲ್ಲ. ನನ್ನ ಕಂಪ್ಯೂಟರಿನಲ್ಲೋ ಆ ವಿಡಿಯೋ ಕುಂಟುತ್ತಿತ್ತು. ಅದನ್ನು ಸರಾಗವಾಗಿ ಓಡಿಸಲು ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು, ಹೊಸದನ್ನು ಕೊಳ್ಳುವ ಶಕ್ತಿ ಇಲ್ಲ.

ಹಳೆಯದನ್ನು ಕೊಳ್ಳುವವಳು ಮೈಯೆಲ್ಲ ಕಣ್ಣಾಗಿರಬೇಕೆಂದು ನಾಲ್ಕು ದಿನ ಕೂತು ಕಂಪನಿಗಳ ವಾರಂಟಿ ನಿಯಮ ಓದಿ ನೋಟ್‌ಬುಕ್ಕಿಗೆ ಇಳಿಸಿದೆ. ಒಂದು ಕಂಪನಿಗೆ ಬಿಲ್ ಬೇಡ; ಕಾರ್ಡಿನ ಬೆನ್ನಿಗಿರುವ ಸೀರಿಯಲ್ ನಂಬರ್ ಓದಲು ಬಂದರೆ ಸಾಕು, ಯಾರ ಕೈಯಲ್ಲಿದ್ದರೂ ವಾರಂಟಿ ಅದರ ಜೊತೆಗೇ ಹೋಗುತ್ತದೆ. ಇನ್ನೊಂದಕ್ಕೆ ಮೊದಲು ಕೊಂಡವರ ಬಿಲ್ಲೇ ಬೇಕು, ಅರ್ಜಿಯನ್ನೂ ಅವರೇ ಹಾಕಬೇಕು. ಮೂರನೆಯದು ಹೊರದೇಶದಲ್ಲಿ ಕೊಂಡ ಕಾರ್ಡನ್ನು ಇಲ್ಲಿ ಮುಟ್ಟುವುದೇ ಇಲ್ಲ. ಇಷ್ಟು ತಿಳಿದ ಮೇಲೆ ನನಗೆ ಯಾರು ಟೋಪಿ ಹಾಕುತ್ತಾರೆ ನೋಡೋಣ ಎಂಬ ಜಂಬ ಬಂದಿತ್ತು.

ಚಾಚಾ ನನ್ನ ಮುಂದೆ ಎರಡು ಕಾರ್ಡ್ ಇಟ್ಟರು. ಒಂದನ್ನು ತಟ್ಟಿ, "ಇದು ನನ್ನ ಮಷೀನಿಂದು ಬೇಟಿ. ಬಿಲ್ ನನ್ನ ಹೆಸರಿಲೆ ಐತಿ. ಕೆಟ್ರ ಬಾ, ನಾ ಎಲ್ಲಿ ಹೋಗ್ತೀನಿ?" ಎಂದರು.

"ಬ್ಯಾಡ್ರಿ ಚಾಚಾ. ಮಂದಿ ಮ್ಯಾಲಿನ ವಾರಂಟಿ ನನಗ ಬ್ಯಾಡ. ನಂಬರ್ ಮ್ಯಾಲಿಂದು ಕೊಡ್ರಿ," ಎಂದೆ. ಎಂಥ ಮಾತು! ಅವರು ಸುಮ್ಮನೆ ನಕ್ಕು, ಇನ್ನೊಂದು ಕಾರ್ಡಿನ ಸ್ಟಿಕ್ಕರಿನ ನಂಬರನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿ, "ಈ ನಂಬರ್ ಭಾಳ ಜ್ವಾಕಿ ಮಾಡು" ಎಂದು ಕಟ್ಟಿಕೊಟ್ಟರು.

ಮಹಾನವಮಿ ಬಂತು. ನಮ್ಮ ಮನೆಯಲ್ಲಿ ಅನ್ನ ಕೊಡುವ ಸಾಮಾನಿಗೆಲ್ಲ ಅಂದು ಪೂಜೆ. ಅವ್ವ ತನ್ನ ಹೊಲಿಗೆ ಯಂತ್ರವನ್ನು ಅಡಿಮೇಲು ಮಾಡಿ ಒರೆಸುವವಳು. ನಾನು ಅವಳ ಮಗಳಲ್ಲವೇ? ಕಂಪ್ಯೂಟರಿನ ಡಬ್ಬಿಯ ಮೇಲೆ ಹಚ್ಚಿ ಸುಮ್ಮನಾಗದೆ ಕಾರ್ಡನ್ನೇ ಹೊರತೆಗೆದು, ಅದರ ಬೆನ್ನಿಗೆ ನೀರಲ್ಲಿ ಕಲಸಿದ ವಿಭೂತಿಯ ಮೂರು ಬೆರಳೆಳೆದು ಕುಂಕುಮವಿಟ್ಟೆ. ಮರುದಿನ ಒದ್ದೆ ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸಿ, ಒಣಗಿಸಿ, ತಿರುಗಿ ಕೂರಿಸಿದೆ. ವಿಭೂತಿಯ ಜೊತೆ ನಂಬರೂ ಹೋಗಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ದೀಪಾವಳಿಯ ಹೊತ್ತಿಗೆ ಪರದೆಯ ತುಂಬ ಬಣ್ಣದ ಗೆರೆಗಳು. ಕಾರ್ಡ್ ಬಿಚ್ಚಿ ನೋಡಿದರೆ ಸ್ಟಿಕ್ಕರ್ ಬೆಳ್ಳಗಿತ್ತು. ನಂಬರ್ ಇಲ್ಲದ ಕಾರ್ಡಿಗೆ ವಾರಂಟಿ ಇಲ್ಲವೆಂದು ಕಂಪನಿ ಒಂದೇ ಸಾಲಿನಲ್ಲಿ ಉತ್ತರಿಸಿತು. ಮದುವೆ ವಿಡಿಯೋ ಅರ್ಧಕ್ಕೆ ನಿಂತಿತ್ತು.

ಹೆದರಿಕೆಯಲ್ಲಿ ಮನುಷ್ಯ ಎಷ್ಟು ಸಣ್ಣವನಾಗುತ್ತಾನೆ ಎಂಬುದು ನನಗೆ ಅಂದು ಗೊತ್ತಾಯಿತು. ಗಂಗಾವತಿಗೆ ಹೋಗಿ ನಾಲ್ಕು ಗಿರಾಕಿಗಳ ಎದುರು ಜೋರು ಮಾಡಿದೆ: "ಎಂಥಾ ಕಾರ್ಡ್ ಕೊಟ್ಟೀರಿ? ಸ್ಟಿಕ್ಕರ್ ತಾನ ಮಾಸೇತಿ. ನಾ ಏನೂ ಮಾಡಿಲ್ರಿ! ಮದಿವಿ ವಿಡಿಯೋ ಅರ್ಧಕ್ಕ ನಿಂತೇತಿ!"

ಚಾಚಾ ಕಾರ್ಡನ್ನು ಬೆಳಕಿಗೆ ಹಿಡಿದು, ಸಣ್ಣ ಬ್ರಷ್ ತೆಗೆದುಕೊಂಡು ಅದರ ಫ್ಯಾನನ್ನು ಬಹಳ ಹೊತ್ತು ಒರೆಸುತ್ತ ಕೂತರು. ಆಮೇಲೆ ಎದ್ದು ನಾನು ಅಂದು ಬೇಡವೆಂದಿದ್ದ ಕಾರ್ಡನ್ನು ತಮ್ಮ ಮಷೀನಿನಿಂದ ಬಿಚ್ಚಿ, ಬಿಲ್ಲಿನ ಸಮೇತ ನನ್ನ ಕೈಗಿಟ್ಟರು. "ಮದ್ಲ ಆ ಮದಿವಿ ಕೆಲಸ ಮುಗಸು," ಎಂದರು. ಚಹಾ ಬಂದಿತ್ತು. ನಾನು ಮುಟ್ಟದೆ ಎದ್ದು ಬಂದೆ.

ಆ ಮದುವೆಯ ವಿಡಿಯೋ ಮುಗಿಯಿತು. ಅದನ್ನು ನೋಡಿದವರು ಕನಕಗಿರಿ, ಯಲಬುರ್ಗಾಗಳಿಂದಲೂ ಬಂದರು. ಎರಡು ವರ್ಷ ನಾನು ಉಂಡ ಅನ್ನದಲ್ಲಿ ಚಾಚಾರ ಕಾರ್ಡಿನ ಪಾಲಿತ್ತು, ಆ ಸುಳ್ಳಿನ ಪಾಲೂ ಇತ್ತು. ಗಂಗಾವತಿಗೆ ಹೋದರೂ ಆ ಓಣಿ ತಪ್ಪಿಸಿ ನಡೆಯುತ್ತಿದ್ದೆ. ಅಷ್ಟರಲ್ಲಿ ಮೊಣಕಾಲು ನೋವಿನಿಂದ ಅವರು ಅಂಗಡಿ ಮುಚ್ಚಿದರೆಂದು ಕೇಳಿದೆ.

ಆಮೇಲೆ ಆ ಕಾರ್ಡೂ ನಿಂತಿತು. ವಾರಂಟಿ ಇನ್ನೊಂದು ತಿಂಗಳಿತ್ತು. ಆದರೆ ಆ ಕಂಪನಿಗೆ ಮೊದಲು ಕೊಂಡವರೇ ಅರ್ಜಿ ಹಾಕಬೇಕು. ನಾನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ ನಿಯಮ ನನ್ನನ್ನು ಅವರ ಮನೆ ಬಾಗಿಲಿಗೆ ತಂದು ನಿಲ್ಲಿಸಿತು.

ಚಾಚಾ ಮಂಚದ ಮೇಲೆ ಕೂತು ನನ್ನ ಲ್ಯಾಪ್‌ಟಾಪ್ ತೊಡೆಗೆ ಎಳೆದುಕೊಂಡರು. ತಮ್ಮ ಫೋನಿಗೆ ಬಂದ ಓಟಿಪಿ ಒತ್ತಿ, ಒಂದೊಂದೇ ಪ್ರಶ್ನೆ ಓದಿ ತುಂಬುತ್ತ ಹೋದರು. ಕೊನೆಯದಕ್ಕೆ ನಿಂತು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಬಳಸಿದವ್ರಿಂದ ಏನರ ತಪ್ಪಾಗೇತೇನು ಅಂತ ಕೇಳ್ಯಾರ. ಏನ್ ಬರೀಲಿ ಬೇಟಿ?"

"ಇದಕ್ಕ ಏನೂ ಮಾಡಿಲ್ರಿ," ಎಂದೆ. "ಹಿಂದಿನ ಕಾರ್ಡಿಗೆ ಮಾಡಿದ್ದೆ ಚಾಚಾ. ಪೂಜಾ ಮಾಡಿ, ಒದ್ದಿ ಅರಬೀಲೆ ತಿಕ್ಕಿ ನಾನ ನಂಬರ್ ಅಳಿಸಿದ್ದೆ."

"ಗೊತ್ತೈತಿ. ಫ್ಯಾನಿನ ಸಂದ್ಯಾಗ ಕುಂಕುಮ ಕುಂತಿತ್ತು. ನೀ ಹೇಳ್ತಿ ಅಂತ ಕಾಯ್ಕೋತ ಅದನ್ನ ತಗೀಲಿಕತ್ತಿದ್ದೆ."

ನಾನು ತಲೆ ತಗ್ಗಿಸಿ ಅಳುತ್ತಿದ್ದೆ. ಅವರು 'ಇಲ್ಲ' ಎಂದು ಒತ್ತಿ ಅರ್ಜಿ ಕಳಿಸಿದರು. ಆಮೇಲೆ ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೇಳುವಂತೆ ಕೂಗಿದರು: "ಚಾ ಇಡು. ಆವತ್ತ ಕುಡೀದ ಹೋದಾಕಿ ಬಂದಾಳ."