ಭೀಮ್ಯಾನ ಎಡಗಿವಿ

ಕಸಬಾ ಪೇಟೆಯ ಓಣಿಗಳಲ್ಲಿ ಹಚ್ಚೆಯ ಕಲ್ಲವ್ವನನ್ನು ಅರಿಯದ ಹೆಂಗಸರೇ ಇರಲಿಲ್ಲ. ಗೋಕಾಕದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದವಳು. ಸೂಜಿಯ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಮನೆಮನೆ ತಿರುಗುತ್ತಿದ್ದಳು. ಮುಂಗೈಗೆ ತುಳಸಿಕಟ್ಟೆ, ಗದ್ದಕ್ಕೆ ಚುಕ್ಕಿ, ಏನು ಕೇಳಿದರೂ ಹಾಡು ಹೇಳುತ್ತ ಚುಚ್ಚಿಬಿಡುವಳು. ಸತ್ತಾಗ ಮೈಮೇಲಿನ ಬಂಗಾರ ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯನ್ನು ಮಾತ್ರ ಯಾರ ಅಪ್ಪನೂ ಬಿಚ್ಚಲಾರ ಎಂಬುದು ಅವಳ ಗಟ್ಟಿ ನಂಬಿಕೆ. ಮುಂದೆ ಪೇಟೆಯ ಎಷ್ಟೋ ನಾಯಿಗಳ ಕಿವಿಗೂ ಅವಳ ಸೂಜಿ ತಾಗಿತು. ಅದಕ್ಕೆ ನಾಂದಿಯಾದವನು ಅವಳ ಮನೆಯ ಭೀಮ್ಯಾ.

ಗಂಡ ಫಕೀರಪ್ಪ ದೇಹೂ ರೋಡಿನ ದಂಡಿನಲ್ಲಿ ಲಾರಿ ಓಡಿಸುತ್ತಿದ್ದ. ಎರಡನೆಯ ಮಹಾಯುದ್ಧ ಜೋರಾದಾಗ ಅವನನ್ನು ಇರಾಕಿನ ಬಸ್ರಾಕ್ಕೆ ಕಳಿಸಿದರು. ಹೊರಡುವಾಗ ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಭೀಮ್ಯಾನ್ನ ಜ್ವಾಕಿ ಮಾಡು. ನಾ ಸ್ಟೇಶನ್ನಿನ್ಯಾಗ ಇಳದಾಗ ನೀವಿಬ್ಬರೂ ಕಾಣಬೇಕು ನೋಡು."

ಭೀಮ್ಯಾ ಅವನು ಮರಿಯಿಂದ ಸಾಕಿ, ದಂಡಿಗೂ ಜೊತೆಗೆ ಕರೆದೊಯ್ಯುತ್ತಿದ್ದ ನಾಯಿ. ಕೆಂಚು ಮೈ, ಎದೆಯ ಮೇಲೆ ಬಿಳಿ ಪಟ್ಟೆ. ಪುಣೆಯ ಅರ್ಧ ನಾಯಿಗಳು ಹೀಗೆಯೇ ಇದ್ದವು, ಕಲ್ಲವ್ವನ ಚಿಂತೆಯೂ ಅದೇ. ಕೊರಳಪಟ್ಟಿಯಲ್ಲಿ ಲೈಸೆನ್ಸಿನ ಬಿಲ್ಲೆಯೇನೋ ಇತ್ತು. ಆದರೆ ಪಟ್ಟಿ ಕಳಚಿದರೆ?

ಮರುದಿನವೇ ನಾಯಿಯನ್ನು ತೊಡೆಯ ಮೇಲೆ ಕೆಡವಿಕೊಂಡಳು. ಬೆಲ್ಲ ನೆಕ್ಕಿಸುತ್ತ ಎಡಗಿವಿಯ ಒಳಮೈಗೆ ಗಂಡನ ಹೆಸರು ಚುಚ್ಚಿದಳು. ಅವಳಿಗೆ ಅಕ್ಷರ ಬಾರದು. ಮದುವೆ ಗೊತ್ತಾದಾಗ ಊರ ಮಾಸ್ತರರು ಇದ್ದಿಲಿನಿಂದ ಬರೆದುಕೊಟ್ಟ ಹೆಸರನ್ನು ತಾಯಿ ಅವಳ ತೋಳಿಗೆ ಹಚ್ಚೆಯಾಗಿ ಹಾಕಿದ್ದಳು. ಅದನ್ನೇ ನೋಡಿ ನೋಡಿ ರಂಗೋಲಿ ಇಳಿಸಿದಂತೆ ಕಿವಿಗಿಳಿಸಿದಳು. ದೃಷ್ಟಿ ತಾಗದಿರಲೆಂದು ತಾಯಿ ಹೆಸರಿನ ಕೆಳಗಿಟ್ಟಿದ್ದ ಮೂರು ಚುಕ್ಕಿಗಳನ್ನೂ ಬಿಡಲಿಲ್ಲ. ಭೀಮ್ಯಾ ಕುಂಯ್ ಎಂದನೇ ಹೊರತು ಕಚ್ಚಲಿಲ್ಲ. ಈ ಸಂಗತಿಯನ್ನು ಅವಳು ತಾನಿದ್ದ ವಠಾರದಲ್ಲಿ ಯಾರಿಗೂ ಹೇಳಲಿಲ್ಲ. ನಾಯಿಗೆ ಗಂಡನ ಹೆಸರು ಹಾಕಿದವಳನ್ನು ನೀರಿನ ನಳದ ಹತ್ತಿರ ಹೆಂಗಸರು ಸುಮ್ಮನೆ ಬಿಡುತ್ತಿದ್ದರೇ?

ಎರಡು ವರ್ಷ ಕಳೆಯಿತು. ಒಂದು ಮಧ್ಯಾಹ್ನ ವಿಮಾನದಾಳಿಯ ತಾಲೀಮಿಗೆಂದು ಊರಿನ ಸೈರನ್ನು, ಜನರ ಬಾಯಲ್ಲಿ ಭೋಂಗಾ, ಒಮ್ಮೆಲೇ ಊಳಿಟ್ಟಿತು. ಭೀಮ್ಯಾ ಬೆದರಿ ಕಿತ್ತುಕೊಂಡು ಓಡಿದ. ಪಟ್ಟಿ, ಬಿಲ್ಲೆ ಎರಡೂ ಕಲ್ಲವ್ವನ ಕೈಯಲ್ಲೇ ಉಳಿದವು.

ಹದಿನೈದು ದಿನ ಅವಳು ಅನ್ನ ನೀರು ಬಿಟ್ಟು ಹುಡುಕಿದಳು. ಹಚ್ಚೆಯ ನೆವದಲ್ಲಿ ಹಡಪಸರದವರೆಗೂ ನಡೆದಳು. ಕೊನೆಗೆ ಭವಾನಿ ಪೇಟೆಯ ಒಂದು ಕಟ್ಟಿಗೆ ಅಡ್ಡೆಯ ಬಾಗಿಲಲ್ಲಿ, ಹೊಸ ಪಟ್ಟಿ ಹೊಸ ಸರಪಳಿಯ ವೈಭವದಲ್ಲಿ ಭೀಮ್ಯಾ ಮಲಗಿದ್ದ. ಓಡಿ ಹೋಗಿ ತಬ್ಬಿಕೊಂಡಳು. ಅಡ್ಡೆಯ ಮಾಲೀಕ ಈರಬಸಪ್ಪ ಹೊರಗೆ ಬಂದ, ಜಗಳ ಹತ್ತಿತು, ಮಂದಿ ಕೂಡಿತು, ಎಲ್ಲರೂ ನಾಯಿಯ ಸಮೇತ ಪೋಲೀಸ್ ಚೌಕಿಗೆ ನಡೆದರು.

ಫೌಜದಾರ ಮಾರ್ತಾಂಡರಾಯರು ಬೆಳಗಾವಿ ಕಡೆಯವರು, ಕನ್ನಡ ಬಲ್ಲವರು.

"ಸಂತ್ಯಾಗ ನಾಕ ಮಂದಿ ಮುಂದ ತಗೊಂಡೀನ್ರಿ ಸಾಹೇಬ್ರ," ಎಂದ ಈರಬಸಪ್ಪ. ಅವನು ಸುಳ್ಳು ಹೇಳುವ ಮನುಷ್ಯನಲ್ಲ. "ಕೊರಳಾಗ ನನ್ನ ಬಿಲ್ಲಿನೂ ಅದ."

"ಬಾಲಾ ನೋಡ್ರಿ, ನನ್ನ ಗುರತಾ ಹಿಡದಾನ," ಎಂದಳು ಕಲ್ಲವ್ವ.

ಈರಬಸಪ್ಪ ಸಿಳ್ಳು ಹಾಕಿದ. ಬಾಲ ಅವನಿಗೂ ಅಲ್ಲಾಡಿತು. ಬಾಗಿಲ ಸಿಪಾಯಿಗೂ ಅಲ್ಲಾಡಿತು. ಕಲ್ಲವ್ವನಿಗೆ ಆ ಅಯೋಗ್ಯ ನಾಯಿಯ ಬೆನ್ನಿಗೆ ಎರಡು ಬಿಗಿಯಬೇಕೆನಿಸಿತು.

"ಅವನ ಎಡಗಿವ್ಯಾಗ ಹಚ್ಚಿ ಅದರಿ. ನಾನ ಹಾಕೀನಿ."

ಫೌಜದಾರರು ತಟ್ಟನೆ ನಾಯಿಯ ಕಿವಿಯನ್ನು ಅಂಗೈಯಿಂದ ಮುಚ್ಚಿದರು. "ಏನ್ ಬರದೀ, ಮೊದಲ ಹೇಳು. ಆಮ್ಯಾಲೆ ನೋಡೂಣು. ಹೇಳಿದ್ರ ನಾಯಿ ನಿಂದು, ಇಲ್ಲಾ ಅವರದು."

ಕಲ್ಲವ್ವನ ಬಾಯಿ ಕಟ್ಟಿತು. ಮದುವೆಯಾದಂದಿನಿಂದ ಆ ಹೆಸರು ಅವಳ ನಾಲಿಗೆಯ ಮೇಲೆ ಬಂದಿರಲಿಲ್ಲ. ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವ್ವ ಹೇಳಿದ್ದಳು. ಗಂಡನೋ ಗುಂಡು ಹಾರುವ ಸೀಮೆಯಲ್ಲಿದ್ದಾನೆ. ಹೇಳಿದರೆ ಅವನಿಗೆ ಕೇಡು, ಹೇಳದಿದ್ದರೆ ಭೀಮ್ಯಾ ಹೋದ.

"ನೋಡ್ರಿ, ಆಕಿಗೇ ಗೊತ್ತಿಲ್ಲ," ಎನ್ನುತ್ತ ಈರಬಸಪ್ಪ ಸರಪಳಿ ಎಳೆದ.

"ತಡೀರಿ." ಕಲ್ಲವ್ವ ಸೆರಗು ಸರಿಸಿ, ಬಳೆಗಳನ್ನು ಹಿಂದೆ ನೂಕಿ, ತೋಳನ್ನು ಮೇಜಿನ ಮೇಲೆ ಚಾಚಿದಳು. "ನಾ ಹೇಳಾಕ ಬರೂದಿಲ್ರಿ. ಓದ್ಕೊಳ್ರಿ. ಇಲ್ಲಿರೂದ ಅಲ್ಲೂ ಅದ."

ಫೌಜದಾರರು ಒದ್ದೆ ಬಟ್ಟೆಯಿಂದ ಕಿವಿಯ ಒಳಮೈ ಒರೆಸಿದರು. ಕೂದಲು ಬದಿಗೆ ಸರಿದು ಹಸಿರು ಅಕ್ಷರಗಳು ಎದ್ದವು. ಕೆಳಗೆ ಮೂರು ಚುಕ್ಕಿ. ತೋಳು ನೋಡಿದರು, ಕಿವಿ ನೋಡಿದರು, ಮತ್ತೆ ತೋಳು ನೋಡಿದರು. ಮಂದಿಯೆಲ್ಲ ಕತ್ತು ಚಾಚಿದರು. ಅವರು ದೊಡ್ಡ ದನಿಯಲ್ಲಿ ಓದಿದರು: "ಫಕೀರಪ್ಪ."

ದೇಹೂ ರೋಡಿನಲ್ಲಿ ಲಾರಿಯವರು ಹೀಗೆಯೇ ಕೂಗುತ್ತಿದ್ದರು. ಕೂಗಿದಾಗಲೆಲ್ಲ ಭೀಮ್ಯಾ ಯಜಮಾನನಿಗಿಂತ ಮುಂಚೆ ಓಡುತ್ತಿದ್ದ. ಎರಡು ವರ್ಷಗಳಿಂದ ಮನೆಯಲ್ಲಿ ಯಾರೂ ಆಡದ ಹೆಸರು ಅದು. ನಾಯಿಯ ಎರಡೂ ಕಿವಿ ನೆಟ್ಟಗಾದವು. ಸರಪಳಿ ಈರಬಸಪ್ಪನ ಕೈ ತಪ್ಪಿತು. ಭೀಮ್ಯಾ ಹೊಸ್ತಿಲಿಗೆ ಹಾರಿ, ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ, ಸಣ್ಣಗೆ ಕುಂಯ್‌ಗುಟ್ಟುತ್ತ ನಿಂತೇಬಿಟ್ಟ.

ಈರಬಸಪ್ಪ ತಾನೇ ಹೋಗಿ ತನ್ನ ಪಟ್ಟಿ ಬಿಚ್ಚಿದ. "ಕರಕೊಂಡು ಹೋಗವಾ," ಎಂದ.

ಕಲ್ಲವ್ವ ಹೊಸ್ತಿಲಲ್ಲಿ ಕೂತು, ಎಲ್ಲರ ಎದುರಿಗೇ ಅಳುತ್ತ, ನಗುತ್ತ, ಆ ಎಡಗಿವಿಯನ್ನು ಕೆನ್ನೆಗೆ ಒತ್ತಿಕೊಂಡಳು.

"ಇನ್ನೂ ಬಂದಿಲ್ಲೊ," ಎಂದಳು. "ಬರ್ತಾರ. ನಡಿ, ಮನಿಗೆ ಹೋಗೂಣು."