ಪಂಪ್‌ಹೌಸಿನ ಪುಸ್ತಕದಲ್ಲಿ ಬರೆಯದ ಒಂದು ಸಾಲು

ಚಿಕ್ಕಪ್ಪ ಕೆಲಸದಲ್ಲಿ ನಿದ್ದೆ ಮಾಡಿ ಸಿಕ್ಕಿಬಿದ್ದ ಎಂದು ನಮ್ಮ ನೆಂಟರು ಹೇಳಿಕೊಂಡು ತಿರುಗುತ್ತಾರೆ. ನಿದ್ದೆ ಮಾಡಿದ್ದು ನಿಜ. ಸಿಕ್ಕಿಬಿದ್ದರು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಸಿಕ್ಕಿಬೀಳಬೇಕಾದರೆ ಯಾರಾದರೂ ನೋಡಿರಬೇಕು. ಯಾರು ನೋಡಿದ್ದರು?

ಹೊಳೆನರಸೀಪುರಕ್ಕೆ ಹೇಮಾವತಿಯ ನೀರೆತ್ತುವ ಪಂಪ್‌ಹೌಸಿನಲ್ಲಿ ಮೂರು ಪಾಳಿ, ಮೂವರು ಆಪರೇಟರು. ಒಬ್ಬರನ್ನು ಅರಕಲಗೂಡಿಗೆ ವರ್ಗ ಮಾಡಿದರು. ಆ ಜಾಗಕ್ಕೆ ಯಾರೂ ಬರಲಿಲ್ಲ. ಇನ್ನೊಬ್ಬರಿಗೆ ಕಾಮಾಲೆಯಾಯಿತು. ಬದಲಿ ಆಳು ಬರುವವರೆಗೆ ಮೋಟಾರು ಬಿಟ್ಟು ಹೋಗಬಾರದೆಂಬುದು ನಿಯಮ. ಬದಲಿ ಆಳೇ ಇಲ್ಲ. ಚಿಕ್ಕಪ್ಪ ಹಗಲೂ ರಾತ್ರಿ ಅಲ್ಲೇ ಉಳಿದರು. ಗಂಟೆಗೊಮ್ಮೆ ಬೇರಿಂಗ್ ಮುಟ್ಟಿ ಬಿಸಿ ನೋಡುವುದು, ಒತ್ತಡದ ಮುಳ್ಳು ನೋಡಿ ಪುಸ್ತಕದಲ್ಲಿ ಬರೆಯುವುದು, ನಡುವೆ ಕೋಳಿನಿದ್ದೆ. ನಾಲ್ಕನೆಯ ದಿನ ಮಧ್ಯಾಹ್ನ ಸ್ಟೂಲಿನ ಮೇಲೆ ಕೂತಲ್ಲೇ ಮಂಪರು ಹತ್ತಿ, ಎಚ್ಚರವಾದಾಗ ಎರಡೂಮುಕ್ಕಾಲು. ಮೋಟಾರು ತನ್ನ ಪಾಡಿಗೆ ಓಡುತ್ತಿತ್ತು. ಊರಿಗೆ ನೀರೂ ಹೋಗಿತ್ತು. ಎರಡು ಗಂಟೆಯ ಸಾಲನ್ನು ಖಾಲಿ ಬಿಟ್ಟು ಅವರು ಮೂರರದ್ದು ಬರೆದರು.

ಮರುದಿನ ಹಾಸನದಿಂದ ಓವರ್ಸಿಯರ್ ಬಂದಾಗ ಊಟದ ಕ್ಯಾರಿಯರ್ ತಂದಿದ್ದ ನಾನೂ ಅಲ್ಲಿದ್ದೆ. ಚಿಕ್ಕಪ್ಪನ ಕೆಲಸ ಕಾಯಂ ಆಗುವುದು ಆತನ ವರದಿಯ ಮೇಲೆ ನಿಂತಿತ್ತು. ಕೆಟ್ಟ ಮನುಷ್ಯನಲ್ಲ. ಖಾಲಿ ಸಾಲಿನ ಮೇಲೆ ಬೆರಳಿಟ್ಟು ತನ್ನ ಪೆನ್ನನ್ನೇ ಚಾಚಿದ.

“ಒಂದು ಗಂಟೇದೇ ಇಲ್ಲೂ ಹಾಕಯ್ಯ. ನಾನು ನೋಡ್ಲಿಲ್ಲ ಅನ್ಕೊ.”

“ನೀವ್ ನೋಡ್ನಿಲ್ಲ, ಸರಿ ಸಾ. ನಾನೂ ನೋಡ್ನಿಲ್ವಲ್ಲ, ಎಂಗ್ ಬರೀಲಿ? ನಿದ್ದೆ ಬಂದ್ಬುಡ್ತು.”

ಓವರ್ಸಿಯರ್ ಪೆನ್ನಿಗೆ ಮುಚ್ಚಳ ಹಾಕಿದ. “ಬಾಯಿಬಿಟ್ಟು ಹೇಳಿದ್ಮೇಲೆ ನಾನು ಬರೀಲೇಬೇಕು. ಕಾಯಂ ಆಸೆ ಬಿಡು,” ಎಂದು ಜೀಪು ಹತ್ತಿದ.

ಜೀಪು ಮರೆಯಾದದ್ದೇ ನಾನು ಶುರು ಮಾಡಿದೆ, ಕಾಲೇಜಿನ ಚರ್ಚಾಕೂಟದ ಅದೇ ಹುರುಪಿನಲ್ಲಿ. ಆ ಖಾಲಿ ಸಾಲು ಇಲಾಖೆಯ ವಿರುದ್ಧ ಅವರು ಮಾಡಿದ ಪ್ರತಿಭಟನೆ ಎಂಬುದು ನನ್ನ ವಾದ. ಚಿಕ್ಕಪ್ಪ ಮುದ್ದೆ ಮುರಿಯುತ್ತಾ ನಕ್ಕರು.

“ಪ್ರತಿಭಟ್ನೆಯಂತೆ! ಮಾತಾಡೋಕೆ ಅಂತ್ಲೇ ಓದುಸ್ತಾರೇನ್ಲಾ ನಿಂಗೆ? ಸುಳ್ ಬರುದ್ರೆ ಮುಂದಿನ್ ಪಾಳಿಯೋನು ಅದ್ನೇ ನಂಬ್ಕತಾನೆ. ಬೇರಿಂಗ್ ಸುಟ್ಟೋದ್ರೆ ಅವನ್ ತಲೆ ಮ್ಯಾಲೆ ಬತ್ತದೆ.”

ನನಗೆ ಬಹುಮಾನ ತಂದ ಯಾವ ವಾದವೂ ಇಷ್ಟು ನೇರವಾಗಿರಲಿಲ್ಲ. ಆದರೂ ಸುಮ್ಮನಿರಲು ಆಗಲಿಲ್ಲ. ಅಷ್ಟರಲ್ಲಿ ಗಂಟೆಯಾಗಿ, ಅವರು ಕೈ ತೊಳೆದು ಎದ್ದು ಬೇರಿಂಗಿನ ಮೇಲೆ ಅಂಗೈ ಇಟ್ಟಿದ್ದರು.

“ಸರಿ ಚಿಕ್ಕಪ್ಪ, ಆ ಮುಂದಿನ ಪಾಳಿಯೋನು ಯಾರು?”