ಕಟ್ಟುವ ಅಕ್ಕ, ಬರೆಯುವ ತಂಗಿ

ಎಂಟು ದಿನ ಕೆಮ್ಮಿ, ಒಂಬತ್ತನೆಯ ದಿನ ಮೆಟ್ಟಿಲು ಹತ್ತಲಾಗದೆ ಗೋಡೆಗೆ ಒರಗಿ ಕೂತುಬಿಟ್ಟ ನನ್ನ ಗಂಡನನ್ನು ಆಂಬುಲೆನ್ಸಿನವರು ಕರೆದುಕೊಂಡು ಹೋದರು. ಈ ಪರದೇಶದ ಊರಿನ ಬ್ಯೂಮಾಂಟ್ ಬಡಾವಣೆಯ ನಮ್ಮ ಮನೆಯಿಂದ ಆಸ್ಪತ್ರೆಗೆ ನಡೆದರೆ ಹದಿನೈದು ನಿಮಿಷ. ಆದರೆ ಆ ಚಳಿಗಾಲದಲ್ಲಿ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ನನಗೂ ಏಳು ವರ್ಷದ ಮಗಳಿಗೂ ಕೋವಿಡ್ ಪಾಸಿಟಿವ್ ಬಂದಿತ್ತು, ಬಾಗಿಲು ದಾಟುವಂತಿರಲಿಲ್ಲ. ದಿನಾ ಸಂಜೆ ಐದಕ್ಕೆ ಡಾಕ್ಟರ್ ಫೋನ್ ಮಾಡುತ್ತಿದ್ದರು. ಮೂರನೆಯ ದಿನ, "ವೆಂಟಿಲೇಟರ್ ಹಾಕಿದೀವಿ" ಅಂದರು.

ಅದಕ್ಕೂ ಒಂದು ತಿಂಗಳು ಮೊದಲು ನಾನು ಆನ್‌ಲೈನ್‌ನಲ್ಲಿ ಮಡಕೆ ಮಾಡುವ ಕ್ಲಾಸಿಗೆ ಸೇರಿದ್ದೆ. ಸ್ಯಾಂಡಿಫರ್ಡ್‌ನಲ್ಲಿದ್ದ ನನ್ನ ಆಫೀಸು ಮುಚ್ಚಿ, ಕೆಲಸವೆಲ್ಲ ಅಡುಗೆಮನೆಯ ಮೇಜಿಗೆ ಬಂದು, ಕೈಗೆ ಬೇರೆ ಏನಾದರೂ ಬೇಕು ಅನಿಸಿತ್ತು. ಕಲಿಸುತ್ತಿದ್ದವರು ಅಮೆರಿಕದ ನ್ಯೂ ಮೆಕ್ಸಿಕೋದ ಪ್ಯೂಬ್ಲೋ ಹೆಂಗಸು, ಅಲ್ಲಿನ ಮೂಲನಿವಾಸಿ. ವಯಸ್ಸು ಅರವತ್ತೈದರ ಆಸುಪಾಸು. ಮಡಕೆ ಮಾರುವ ಸಂತೆಗಳೆಲ್ಲ ನಿಂತು, ಸೋಂಕು ಬರದಂತೆ ಊರಿನ ದಾರಿ ಮುಚ್ಚಿದ ಮೇಲೆ ಅವರು ಕ್ಯಾಮೆರಾ ಮುಂದೆ ಕೂತಿದ್ದರು. ಪಕ್ಕದಲ್ಲಿ ತಂಗಿ. ಅಕ್ಕ ಮಣ್ಣು ಹೊಸೆದು, ಸುರುಳಿಯ ಮೇಲೆ ಸುರುಳಿ ಏರಿಸಿ ಮಡಕೆ ಕಟ್ಟುತ್ತಿದ್ದರು. ತಿರುಗಿಸುವ ತಿಗರಿ ಇಲ್ಲ. ತಂಗಿ ಯುಕ್ಕಾ ಗಿಡದ ಎಲೆಯ ತುದಿ ಜಗಿದು, ಅದನ್ನೇ ಕುಂಚ ಮಾಡಿಕೊಂಡು ಕೂದಲೆಳೆಯಂಥ ಗೆರೆ ಬರೆಯುತ್ತಿದ್ದರು.

"ಕಟ್ಟೋದು ಕಲಿಸ್ತೀನಿ. ಚಿತ್ತಾರ ಕಲಿಸಲ್ಲ, ಅದು ನಮ್ಮೋರದ್ದು" ಅಂತ ಮೊದಲ ದಿನವೇ ಹೇಳಿದ್ದರು.

ಗಂಡನಿಗೆ ವೆಂಟಿಲೇಟರ್ ಹಾಕಿದ ವಾರವೂ ನಾನು ಶನಿವಾರದ ಕ್ಲಾಸಿಗೆ ಕೂತೆ. ಬೇರೆ ಯಾರ ಜೊತೆ ಕೂರಲಿ? ಹುಬ್ಬಳ್ಳಿಯಿಂದ ಅಮ್ಮಿ ಫೋನಿನಲ್ಲಿ ಬರೀ ಅಳುತ್ತಿದ್ದಳು. ಮಗಳು ಮಾತ್ರ, "ಅಬ್ಬಾ ವಿಲ್ ಬಿ ಗ್ರ್ಯಾಂಡ್, ಮಮ್ಮಿ" ಅನ್ನುತ್ತಿದ್ದಳು. ಏನೂ ಆಗಲ್ಲ ಅನ್ನುವುದಕ್ಕೆ ಇಲ್ಲಿನವರು ಹಾಗನ್ನುತ್ತಾರೆ, ಅವಳು ಸ್ಕೂಲಿನಲ್ಲಿ ಕಲಿತ ಸಮಾಧಾನ ಅದು. ನಮಾಜಿಗೆ ಕೂತರೆ ದುವಾ ಅರ್ಧಕ್ಕೇ ಮರೆಯುತ್ತಿತ್ತು. ಮಣ್ಣು ಹೊಸೆಯುವುದು ಮಾತ್ರ ಮರೆಯುತ್ತಿರಲಿಲ್ಲ.

ನನ್ನ ಸುರುಳಿಗಳು ಬಿರುಕು ಬಿಡುವುದನ್ನು ಟೀಚರ್ ನೋಡಿದರು. "ಏನಾಗಿದೆ ನಿನಗೆ?"

ಹೇಳಿದೆ. ಅವರು ಕೆಲಸ ನಿಲ್ಲಿಸಲಿಲ್ಲ. "ನಮ್ಮ ಬೀದೀಲೂ ನಾಲ್ಕು ಮನೆಯವರು ಆಸ್ಪತ್ರೇಲಿದಾರೆ. ಮಣ್ಣು ಒಣಗಿದೆ, ಕೈಗೆ ನೀರು ಮುಟ್ಟಿಸ್ಕೋ" ಅಂದರು.

ಮುಂದಿನ ಶನಿವಾರ ಅವರು ಬರಲಿಲ್ಲ. ಅವರ ಮಗಳು ತೆರೆಯ ಮೇಲೆ ಬಂದು, ಚಿಕ್ಕಮ್ಮನಿಗೆ ಉಸಿರಾಟದ ತೊಂದರೆ, ದೂರದ ಊರಿನ ಆಸ್ಪತ್ರೆಗೆ ಸೇರಿಸಿದ್ದಾರೆ ಅಂದಳು. ಮೂರು ವಾರ ಕ್ಲಾಸಿರಲಿಲ್ಲ. ಆ ಮೂರು ವಾರದಲ್ಲಿ ಡಾಕ್ಟರ್ ಎರಡು ಸಲ, "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂದರು. ನಾನು ಮಗಳಿಗೆ ಸ್ನಾನ ಮಾಡಿಸುವಾಗ ನಲ್ಲಿ ಜೋರಾಗಿ ಬಿಟ್ಟು ಅಳುತ್ತಿದ್ದೆ. ಅವಳು ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು.

ಟೀಚರ್ ತಿರುಗಿ ಬಂದಾಗ ಪಕ್ಕದ ಕುರ್ಚಿ ಖಾಲಿ. ಹಿಂದಿನ ಹಲಗೆಯ ಮೇಲೆ ಆರೇಳು ಬಿಳಿ ಮಡಕೆ, ಒಂದರ ಮೇಲೂ ಗೆರೆಯಿಲ್ಲ.

"ನಾನು ಕಟ್ಟಿದ್ದೆಲ್ಲ ಅವಳಿಗೋಸ್ಕರ ಕಟ್ಟಿದ್ದು. ಇವುಗಳನ್ನೇನು ಮಾಡ್ಲಿ ನಾನು?" ಅಂದರು.

ಅವರು ಅಜ್ಜಿಯ ಕಾಲದ ನುಣ್ಣನೆಯ ಕಲ್ಲು ತೆಗೆದುಕೊಂಡು ಒಂದು ಮಡಕೆಯನ್ನು ಉಜ್ಜತೊಡಗಿದರು. ಒಂದು ಗಂಟೆ ನಾವೂ ನಮ್ಮ ನಮ್ಮ ಮಡಕೆ ಉಜ್ಜುತ್ತ ಕೂತೆವು.

ಅದಾದ ನಾಲ್ಕನೆಯ ದಿನ ನನ್ನ ಗಂಡನ ವೆಂಟಿಲೇಟರ್ ತೆಗೆದರು. ಮಾರ್ಚಿನಲ್ಲಿ ಅವನು ವಾಕರ್ ಹಿಡಿದು ಮನೆಗೆ ಬಂದ. ಹದಿನೆಂಟು ಕೆಜಿ ಇಳಿದಿದ್ದ, ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಈ ಸುದ್ದಿಯನ್ನು ಟೀಚರಿಗೆ ಹೇಳಲು ನನಗೆ ಬಾಯಿಯೇ ಬರಲಿಲ್ಲ. ನನ್ನವನು ಉಳಿದ, ನಿಮ್ಮವಳು ಹೋದಳು ಅಂತ ಹೇಗೆ ಹೇಳುವುದು? ಎರಡು ಶನಿವಾರ ತಲೆ ತಗ್ಗಿಸಿಕೊಂಡೇ ಕೂತೆ. ಮೂರನೆಯ ವಾರ ಅವರೇ ಕೇಳಿದರು.

"ನಿನ್ನ ಗಂಡ?"

"ಮನೆಗೆ ಬಂದಿದಾರೆ."

"ಒಳ್ಳೇದಾಯ್ತು" ಅಂದರು. ಅವರ ಕ್ಯಾಮೆರಾ ಆಫ್ ಆಯಿತು.

ಹತ್ತು ನಿಮಿಷ ಕಪ್ಪು ತೆರೆ ನೋಡುತ್ತ ಕಾದೆವು. ತಿರುಗಿ ಬಂದಾಗ ಅವರ ಮುಖ ತೊಳೆದಂತಿತ್ತು, ಕಣ್ಣು ಊದಿತ್ತು.

"ಊಟ ಮಾಡ್ತಾನಾ?"

"ಅರ್ಧ ರೊಟ್ಟಿ ತಿಂತಾರೆ."

"ಪರವಾಗಿಲ್ಲ, ತಿಂತಾನೆ. ಮಡಕೆ ಮೇಲೆತ್ತು ನೋಡೋಣ" ಅಂದರು. ಎತ್ತಿ ತೋರಿಸಿದೆ. "ಗೋಡೆ ದಪ್ಪ ಆಯ್ತು. ಒಳಗಡೆಯಿಂದ ಕೆರೀ, ನಿಧಾನಕ್ಕೆ."